ನಲವತ್ತೆರಡು ಮಂದಿಗೆ ಎರಡು ಕಣ್ಣು

ಹುನಗುಂದದ ಕೋರ್ಟಿನ ಎದುರಿನ ಸಾಲಿನಲ್ಲಿ ಯಮನೂರನ ಸ್ಟುಡಿಯೋ ಇದೆ. ಒಂದು ಕಡೆ ಬಾಂಡ್ ಪೇಪರ್ ಮಾರುವವರು, ಇನ್ನೊಂದು ಕಡೆ ಝೆರಾಕ್ಸ್ ಅಂಗಡಿ, ನಡುವೆ ಇವನು. ಜಾಗ ಹಿಡಿಯುವಾಗ ಯಮನೂರ ಹಾಕಿದ ಅಂದಾಜು ಸರಿಯಾಗಿಯೇ ಇತ್ತು. ಕೋರ್ಟಿಗೆ ಬಂದವನಿಗೆ ಫೋಟೋ ಬೇಕು, ಫೋಟೋ ತೆಗೆಸಿದವನಿಗೆ ಝೆರಾಕ್ಸ್ ಬೇಕು, ಎರಡೂ ಆದವನಿಗೆ ಚಹಾ ಬೇಕು. ಆ ಅಂದಾಜಿನ ಮೇಲೆ ಹತ್ತಾರು ವರ್ಷ ಹೊಟ್ಟೆ ತುಂಬಿತು. ಆಮೇಲೆ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂತು. ಎದುರಿಗೆ ಕೂರಿಸಿಕೊಂಡು ತಾವೇ ಫೋಟೋ ಹೊಡೆದುಕೊಳ್ಳುವ ಕಚೇರಿಗಳು ಬಂದವು. ಬದುಕಿದ್ದವರು ಒಬ್ಬೊಬ್ಬರಾಗಿ ಅಂಗಡಿ ಮರೆತರು. ಗಿರಾಕಿಗಳಾಗಿ ಉಳಿದವರು ಸತ್ತವರು ಮಾತ್ರ.

ಈ ಸೀಮೆಯ ಬಹಳ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಹೊರಡುವ ಮೊದಲು ಒಂದು ಫೋಟೋ ತೆಗೆಸುತ್ತಾರೆ. ಬದುಕಿದ್ದಾಗ ಅಪ್ಪನನ್ನು ಒಂದು ದಿನವೂ ಸ್ಟುಡಿಯೋಕ್ಕೆ ಕರೆತರದ ಮಕ್ಕಳು ಆವತ್ತು ಮೂರು ಪೋಜು ಕೇಳುತ್ತಾರೆ. ದಿನಕರ್ಮದ ಹೊತ್ತಿಗೆ ಅದೇ ಫೋಟೋ ಗೋಡೆಗೆ ಬೇಕು, ಆದರೆ ಕಣ್ಣು ತೆರೆದಿರಬೇಕು. ಹಾಗೆ ಕೂರಿಸದ ಮನೆಗಳವರು ಮತದಾರರ ಗುರುತಿನ ಚೀಟಿ ತರುತ್ತಾರೆ. ಅದರಲ್ಲಿ ಅಪ್ಪ ಬದುಕಿಯೇ ಇರುತ್ತಾನೆ, ಆದರೆ ಕಣ್ಣು ಅಲ್ಲಿಯೂ ಮುಚ್ಚಿರುತ್ತದೆ.

ಈ ಕಣ್ಣು ತೆರೆಸುವ ಕೆಲಸವನ್ನು ಯಮನೂರ ಕಲಿತದ್ದು ಬಾಗಲಕೋಟೆಯ ಹಳೆ ಊರಿನಲ್ಲಿ, ಅದು ಅಣೆಕಟ್ಟಿನ ನೀರಿನಲ್ಲಿ ಮುಳುಗುವುದಕ್ಕೆ ಮೊದಲು, ಬಾಬುಸಾಬ ಎಂಬ ಹಿರಿಯರ ಕೈಕೆಳಗೆ. ಅವರು ಪ್ರಿಂಟಿನ ಮೇಲೆ ಕೂದಲಿನಷ್ಟು ತೆಳುವಾದ ಕುಂಚದಿಂದ ಕಣ್ಣು ಬರೆಯುತ್ತಿದ್ದರು. "ಕಣ್ಣಾಗ ಬಿಳೀ ಚುಕ್ಕಿ ಇಡೂದು ಮರೀಬ್ಯಾಡ ತಮ್ಮಾ. ಅದಿಲ್ಲಂದ್ರ ಸತ್ತಾವ ಎರಡನೇ ಸಲ ಸಾಯ್ತಾನ" ಎನ್ನುತ್ತಿದ್ದರು. ಕುಂಚ ಹೋಗಿ ಕಂಪ್ಯೂಟರ್ ಬಂದ ಮೇಲೆ ಯಮನೂರನಿಗೆ ಬರೆಯುವ ಕಷ್ಟ ತಪ್ಪಿತು. ಆದರೆ ಕಣ್ಣನ್ನು ಎಲ್ಲಿಂದಲಾದರೂ ತರಬೇಕಲ್ಲ.

ತಂದದ್ದು ಅಂಗಡಿಯ ಮುಂದಿನ ಬೆಂಚಿನಿಂದ. ಹದಿನಾಲ್ಕು ವರ್ಷದ ಹಿಂದೆ ಆ ಬೆಂಚಿನ ಮೇಲೆ, ಊಟದ ಬಿಡುವಿನಲ್ಲಿ, ಗಾಳೆಪ್ಪ ಕೂತಿರುತ್ತಿದ್ದ. ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗುವ ಜವಾನ, ಯಮನೂರನಿಗೆ ದೂರದ ಸಂಬಂಧದಲ್ಲಿ ಕಾಕಾ. ಗೆದ್ದವನನ್ನೂ ಸೋತವನನ್ನೂ ಮೂವತ್ತು ವರ್ಷ ಒಂದೇ ಹದದಲ್ಲಿ ನೋಡಿ ನೋಡಿ ಅವನ ಕಣ್ಣು ಯಾರ ಕಡೆಗೂ ವಾಲದಂತಾಗಿತ್ತು. ಅಂಥ ಕಣ್ಣು ಯಾವ ಮುಖಕ್ಕೂ ಕೂರುತ್ತದೆ. "ಕಾಕಾ, ಬಾ, ಲೈಟ್ ಚೆಕ್ ಮಾಡೂದೈತಿ" ಎಂದು ಕರೆದು, ನೇರಕ್ಕೆ ಒಂದು, ಬಲಕ್ಕೆ ಒಂದು, ಎಡಕ್ಕೆ ಒಂದು ಹೊಡೆದು, ಕಣ್ಣಷ್ಟನ್ನೇ ಕತ್ತರಿಸಿಟ್ಟುಕೊಂಡ. ಒಂದು ಚಹಾ ಕುಡಿಸಿದ. ಅಂದಿನಿಂದ ಸುತ್ತಲಿನ ಊರುಗಳಲ್ಲಿ ಯಾವ ಹಿರಿಯ ಕಣ್ಣು ಮುಚ್ಚಿದರೂ ತೆರೆಯುತ್ತಿದ್ದದ್ದು ಗಾಳೆಪ್ಪನ ಕಣ್ಣು. ನೋಟೀಸು ಕೊಡಲು ಹೋದಾಗ, ಹುಟ್ಟಿದ ಕೇರಿಯ ದೆಸೆಯಿಂದ, ಅವನು ಕಟ್ಟೆಯ ಕೆಳಗೇ ನಿಂತು ಬಂದ ಮನೆಗಳೂ ಅವುಗಳಲ್ಲಿದ್ದವು. ಇದನ್ನು ಯಮನೂರ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. "ಅಪ್ಪ ಥೇಟ್ ಹಂಗ ಬಂದಾನ" ಎಂದು ಕಣ್ಣೊರೆಸಿಕೊಂಡು ಒಯ್ದರು.

ಇಷ್ಟು ವರ್ಷವೂ ನಡೆದದ್ದು ಒಂದೇ ಹಳೆಯ ಸಾಫ್ಟ್‌ವೇರ್‌ನ ಮೇಲೆ. ಈ ಬೇಸಿಗೆಯಲ್ಲಿ ಹಳೆ ಕಂಪ್ಯೂಟರ್ ಸುಟ್ಟುಹೋಯಿತು. ಒಳಗಿನ ಫೋಟೋಗಳು ಉಳಿದವು, ಆದರೆ ಹೊಸ ಮಷೀನಿನಲ್ಲಿ ಹಳೆ ಸಾಫ್ಟ್‌ವೇರ್ ಕೂರಲು ಒಪ್ಪಲಿಲ್ಲ. ಬಾಗಲಕೋಟೆಯಿಂದ ರಾಹುಲ ಎಂಬ ಕಂಪ್ಯೂಟರಿನವನು ಬಂದು ಹೊಸ ಆವೃತ್ತಿ ಹಾಕಿದ.

"ಅಣ್ಣಾರ, ಇನ್ನ ನೀವು ಏನೂ ಮಾಡೂದು ಬ್ಯಾಡ. ಎಲ್ಲಾ ಅದ ಮಾಡ್ತೈತಿ."

"ಹಂಗಾದ್ರ ನಾ ಏನ ಮಾಡ್ಲಿಪಾ?"

"ನೀವು ತಿಂಗಳಾ ತಿಂಗಳಾ ರೊಕ್ಕಾ ಕಟ್ರಿ."

ಯಮನೂರನಿಗೆ ನಗು ಬರಲಿಲ್ಲ. ಅವನಿಗೆ ಐವತ್ತೆರಡು. ರೀಲು ಬಿಟ್ಟು ಮೆಮೊರಿ ಕಾರ್ಡಿಗೆ ಬಂದಾಗ ಒಮ್ಮೆ ಹೊಸದಾಗಿ ಕಲಿತಿದ್ದ, ಕತ್ತಲೆ ಕೋಣೆ ಬಿಟ್ಟು ಕಂಪ್ಯೂಟರಿಗೆ ಬಂದಾಗ ಇನ್ನೊಮ್ಮೆ. ಪ್ರತಿ ಸಲವೂ ಇದೇ ಕೊನೆ ಎಂದುಕೊಂಡಿದ್ದ. ಈಗ ನೋಡಿದರೆ, ಹೊಸ ಸೊಸೆ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿದಂತೆ, ಪರದೆಯ ಮೇಲೆ ಕುಂಚ ಇದ್ದಲ್ಲಿ ಕತ್ತರಿ, ಕತ್ತರಿ ಇದ್ದಲ್ಲಿ ಏನೋ ಮಿಂಚುವ ನಕ್ಷತ್ರ. ಕೈ ತಾನಾಗಿ ಹಳೆಯ ಜಾಗಕ್ಕೆ ಹೋಗುತ್ತಿತ್ತು, ಬರಿಗೈಯಲ್ಲಿ ವಾಪಸು ಬರುತ್ತಿತ್ತು. ಹಳೆಯ ಫೋಟೋಗಳನ್ನೆಲ್ಲ ತಾನೇ ಓದಿ ಜೋಡಿಸಿಕೊಳ್ಳುತ್ತದೆ, ನಾಳೆ ಬೆಳಗ್ಗೆವರೆಗೆ ಮುಟ್ಟಬೇಡಿ ಎಂದು ಹೇಳಿ ರಾಹುಲ ಬಸ್ಸು ಹತ್ತಿದ.

ಬೆಳಗ್ಗೆ ಬಂದು ನೋಡಿದರೆ ಪರದೆಯ ಎಡಗಡೆ ಸಣ್ಣ ಸಣ್ಣ ದುಂಡು ಮುಖಗಳು ಸಾಲಾಗಿ ನಿಂತಿದ್ದವು. ಹೊಸ ಸಾಫ್ಟ್‌ವೇರ್ ಪ್ರತಿಯೊಂದು ಮುಖ ನೋಡಿ, ಒಬ್ಬನೇ ಮನುಷ್ಯನ ಫೋಟೋಗಳನ್ನೆಲ್ಲ ಒಂದು ಗುಂಪು ಮಾಡಿತ್ತು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಗುಂಪಾಗಿ, ಬರೆದಿತ್ತು: ಗಾಳೆಪ್ಪ, 43.

ಯಮನೂರ ಒತ್ತಿ ತೆರೆದ. ಮೊದಲಿಗೆ ಗಾಳೆಪ್ಪನ ಪಿಂಚಣಿ ಅರ್ಜಿಯ ಫೋಟೋ. ಅದೊಂದಕ್ಕೇ ಹೆಸರು ಬರೆದಿಟ್ಟಿದ್ದ. ಅದರ ಪಕ್ಕ ದೇಸಾಯರು, ಅವರ ಪಕ್ಕ ಅಮೀನಗಡದ ಗೌಡರು, ಇಳಕಲ್ಲಿನ ನೂಲಿನ ವ್ಯಾಪಾರಿ, ಶಿವಯೋಗ ಮಂದಿರದ ಕಡೆಯ ಮುದುಕರೊಬ್ಬರು. ಒಟ್ಟು ನಲವತ್ತೆರಡು ಹೆಣ. ಬೇರೆ ಬೇರೆ ಮೀಸೆ, ತಲೆಗೆ ಬೇರೆ ಬೇರೆ ಪಟಗ. ಕಣ್ಣು ಮಾತ್ರ ಒಂದೇ. ಕಣ್ಣು ನೋಡಿಯೇ ಮಷೀನು ತೀರ್ಪು ಕೊಟ್ಟುಬಿಟ್ಟಿತ್ತು.

ನಲವತ್ತೆರಡರಲ್ಲಿ ಒಂದು ಮನೆಗೆ ಗೊತ್ತಾದರೆ ಸಾಕು, ಎಲ್ಲ ಮನೆಯವರೂ ಫ್ರೇಮು ಬಗಲಲ್ಲಿಟ್ಟುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಉಳಿದಿದ್ದ ಒಂದೇ ಕಸುಬೂ ಅಂದಿಗೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ತಂಟೆಯೂ ಆಗಬಹುದು. ಇದನ್ನು ಹೇಗೆ ಮುಚ್ಚುವುದೆಂದು ಮೌಸ್ ಹಿಡಿದು ತಡಕಾಡುತ್ತಿರುವಾಗಲೇ ಗುರುರಾಜ ಮಾಸ್ತರರು ಒಳಗೆ ಬಂದರು. ನಲವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರಿನಲ್ಲಿ ಅರ್ಧ ಮಂದಿ ಅವರ ಕೈಯಲ್ಲಿ ಪೆಟ್ಟು ತಿಂದವರೇ ಆದ್ದರಿಂದ ಅವರ ಮಾತಿಗೆ ತೂಕವಿತ್ತು.

"ಏನಪಾ ಯಮನೂರ, ಹೊಸಾದು ಹಾಕ್ಸೀಯಂತಲ್ಲ. ನಮ್ಮ ತಂದಿಯವರ ಫೋಟೋ ದೊಡ್ಡದು ಮಾಡಿಕೊಡು. ಶನಿವಾರ ಸಾಲ್ಯಾಗ ಅವರ ಹೆಸರಲೆ ಬಹುಮಾನ ಕೊಡ್ಲಿಕ್ಕೆ ಹತ್ತೇವಿ."

"ನಾಳೆ ಬರ್ರಿ ಮಾಸ್ತರ. ಮಷೀನು ಇನ್ನೂ ಹೊಂದಿಕೊಂಡಿಲ್ಲ."

"ಮಷೀನು ಹೊಂದಿಕೊಂಡಿಲ್ಲೋ, ನೀ ಹೊಂದಿಕೊಂಡಿಲ್ಲೋ?" ಎನ್ನುತ್ತ ಮಾಸ್ತರರು ಪರೀಕ್ಷೆಯ ಕೋಣೆಯಲ್ಲಿ ಅಡ್ಡಾಡುವ ಅಭ್ಯಾಸದಂತೆ ಮೇಜು ಸುತ್ತಿ ಅವನ ಹೆಗಲ ಹಿಂದೆ ಬಂದು ನಿಂತರು. ಕನ್ನಡಕ ಏರಿಸಿದರು. "ಇಲ್ಲೇ ಇದ್ದಾರಲ್ಲ ನಮ್ಮ ತಂದಿಯವರು! ಮ್ಯಾಲೆ ಗಾಳೆಪ್ಪ ಅಂತ ಯಾಕ ಬರದದ? ಇವರು ದೇಸಾಯರಲ್ಲ? ಇವರು ಗೌಡ್ರು. ಎಲ್ಲಾರೂ ಗಾಳೆಪ್ಪೇನು?"

"ಕಂಪ್ಯೂಟರ್ ತಪ್ಪರಿ. ಹೊಸಾದು ನೋಡ್ರಿ, ಮಂದಿ ಗುರ್ತು ಇನ್ನೂ ಹತ್ತಿಲ್ಲ."

ಮಾಸ್ತರರು ಒಂದೊಂದು ಮುಖದ ಕಣ್ಣನ್ನೂ ಹೋಲಿಸಿ ನೋಡಿದರು. "ಒಬ್ಬ ಹುಡುಗ ತಪ್ಪು ಮಾಡಿದ್ರ ಅದು ತಪ್ಪು, ಯಮನೂರ. ನಲವತ್ತು ಹುಡುಗ್ರು ಒಂದ ನಮೂನಿ ತಪ್ಪು ಮಾಡಿದ್ರ ಅದು ಕಾಪಿ. ಯಾರದು ನೋಡಿ ಬರದಿ, ಹೇಳು."

ಸುಳ್ಳು ಹೇಳಲೂ ಒಂದಿಷ್ಟು ಹುರುಪು ಬೇಕಾಗುತ್ತದೆ. ಅದು ಅವನಲ್ಲಿ ಉಳಿದಿರಲಿಲ್ಲ. ಬಾಗಿಲ ಕಡೆ ಕೈ ತೋರಿಸಿದ. ಹೊರಗೆ ಬೆಂಚಿನ ಮೇಲೆ, ನಿವೃತ್ತಿಯಾಗಿ ಹತ್ತು ವರ್ಷವಾದರೂ ಜಾಗ ಬಿಡದ ಗಾಳೆಪ್ಪ, ಪೇಪರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದ.

ಮಾಸ್ತರರು ಕುರ್ಚಿ ಎಳೆದುಕೊಂಡು ಕೂತರು. ಅವರು ಬೈಯಲಿಲ್ಲ. ಬೈದಿದ್ದರೆ ಯಮನೂರನಿಗೆ ಹಗುರಾಗುತ್ತಿತ್ತು.

"ದೇವರ ಖೋಲಿ ಮಗ್ಗಲದಾಗ ಹಾಕೇವಿ ಆ ಫೋಟೋ" ಎಂದರು ಕೊನೆಗೆ. ಪರದೆಯ ಕಡೆ ಬೆರಳು ಮಾಡಿ, "ತಗೀ ಆ ಕಣ್ಣು. ಬ್ಯಾರೆ ಹಾಕು. ನಿನ್ನ ಹೊಸಾದು ಎಲ್ಲಾ ತಾನ ಮಾಡ್ತದಂತಲ್ಲ?"

ಯಮನೂರ ಮಿಂಚುವ ನಕ್ಷತ್ರ ಒತ್ತಿದ. ಮಷೀನು ಕ್ಷಣದಲ್ಲಿ ತನ್ನದೇ ಹೊಸ ಕಣ್ಣು ತಯಾರಿಸಿ ಕೂರಿಸಿತು. ಕೇಳದೆಯೇ ಸುಕ್ಕುಗಳನ್ನೂ ಸವರಿಬಿಟ್ಟಿತು. ಎಂಬತ್ತರ ಹಿರಿಯರು ನಲವತ್ತಕ್ಕಿಳಿದು ಹೊಳೆಯತೊಡಗಿದರು.

"ಇವರ್ಯಾರಿವರು? ವಿಮಾ ಮಾಡಿಸ್ರಿ ಅನ್ನಾಂವ ಕಂಡಂಗ ಕಾಣ್ತಾರ."

ಮತ್ತೆ ಒತ್ತಿದ. ಈ ಸಲ ಕಣ್ಣು ದೊಡ್ಡದಾಗಿ, ಯಾರಿಗೋ ಬೆದರಿದಂತಿತ್ತು. ಮೂರನೆಯ ಸಲ ಅದಕ್ಕೊಂದು ನಸುನಗೆಯನ್ನೂ ಸೇರಿಸಿತು.

"ನಮ್ಮ ತಂದಿ ಜನ್ಮದಾಗ ಹಿಂಗ ನಕ್ಕವರಲ್ಲ. ಅವರ ಕಣ್ಣು ನೋಡಿದ್ರ ನಾವು ಹಿತ್ತಲಕ್ಕ ಓಡ್ತಿದ್ವಿ. ಅವ್ವ ಅಂತೂ ಮುಖಾ ಎತ್ತಿ ಮಾತಾಡಿದ್ದ ನಾ ಕಂಡಿಲ್ಲ." ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಬೇಗ ಮುಗಿಯಲಿಲ್ಲ ಆ ಒರೆಸುವುದು. "ಹನ್ನೊಂದು ವರ್ಷಾತು ಅವರು ಹೋಗಿ. ಅವ್ವ ದಿನಾ ಆ ಫೋಟೋದ ಮುಂದ ಕೂತು ಮಾತಾಡ್ತಾಳ. ಮೊಣಕಾಲು ನೋವು, ಹಾಲಿನವನ ಮ್ಯಾಲಿನ ಸಿಟ್ಟು, ಎಲ್ಲಾ. 'ಹೋದ ಮ್ಯಾಲೆ ಭಾಳ ಶಾಂತ ಆಗ್ಯಾರ ನೋಡೋ ಗುರು, ಹೇಳಿದ್ದೆಲ್ಲಾ ಕೇಳಿಸ್ಕೋತಾರ' ಅಂತಾಳ ನನ್ನ ಮುಂದ."

ಮಾಸ್ತರರ ತಾಯಿ ಪದ್ಮಜಾಬಾಯಿಯವರಿಗೆ ಎಂಬತ್ತಾರು ವರ್ಷವೆಂಬುದು ಯಮನೂರನಿಗೂ ಗೊತ್ತಿತ್ತು.

"ಮೊದಲಿನ ಕಣ್ಣು ಇರ್ಲಿ" ಎಂದರು ಮಾಸ್ತರರು. "ಇದು ಗಾಳೆಪ್ಪಗ ಗೊತ್ತದೇನು?"

"ಇಲ್ರಿ."

"ಗೊತ್ತೈತ್ರಿ ಮಾಸ್ತರ." ಬಾಗಿಲಲ್ಲಿ ಗಾಳೆಪ್ಪ ನಿಂತಿದ್ದ. ಚಹಾ ಹೇಳಲೇ ಎಂದು ಕೇಳಲು ಎದ್ದು ಬಂದವನು. "ನೌಕರಿ ಕಡೇ ವರ್ಷ ದೇಸಾಯರ ವಾಡೇಕ್ಕ ನೋಟೀಸ್ ಕೊಡಾಕ ಹೋಗಿದ್ದೆ. ಪಡಸಾಲಿ ಒಳಗಿಂದ ನಾನ ನನ್ನ ನೋಡಾಕತ್ತಿದ್ದೆ. ನಾ ಹೊರಗ ಕಟ್ಟಿ ಕೆಳಗ, ನಾನ ಒಳಗ ಮಾಲಿ ಹಾಕ್ಕೊಂಡು."

"ಏನೂ ಅನ್ನಲಿಲ್ಲೇನು ನೀನು?"

"ಏನ ಅನ್ಲಿರಿ? ಊದಿನಕಡ್ಡಿ ಹಚ್ಚಿದ್ರು. ವಾಸನಿ ಛಲೋ ಇತ್ತು."

ಯಮನೂರನ ಕಿವಿ ಬಿಸಿಯಾಯಿತು. ತಾನು ಮುಚ್ಚಿಟ್ಟದ್ದನ್ನು ಈ ಮನುಷ್ಯ ಹತ್ತು ವರ್ಷ ಬೆಂಚಿನ ಮೇಲೆ ಕೂತೇ ಮುಚ್ಚಿಟ್ಟಿದ್ದ, ಅದೂ ಒಂದು ಚಹಾದ ಮೇಲೆ. ಬೇರೆ ಯಾರಾದರೂ ಆಗಿದ್ದರೆ ತಿಂಗಳಿಗೊಮ್ಮೆ ಬಂದು ಏನಾದರೂ ಕೀಳುತ್ತಿದ್ದರು. ಅಂಥ ಉಪಾಯ ಗಾಳೆಪ್ಪನಿಗೆ ಹೊಳೆದಿರಲಿಲ್ಲವೋ, ಹೊಳೆದೂ ಬೇಸರವೆನಿಸಿತ್ತೋ, ಆ ಕಣ್ಣು ನೋಡಿ ಹೇಳುವುದು ಸಾಧ್ಯವಿರಲಿಲ್ಲ.

ಪ್ರಿಂಟು ಬಂತು. ಮಾಸ್ತರರು ಅದನ್ನು ಪೇಪರಿನಲ್ಲಿ ಸುತ್ತಿಸಿದರು. "ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ನೀನೂ ಬಿಡಬ್ಯಾಡ. ಇದನ್ನ ಮೊದಲ ಆ ಗುಂಪಿನಾಗಿಂದ ತಗೀ" ಎಂದು ಹೇಳಿ ಎದ್ದರು. ಬಾಗಿಲಲ್ಲಿ ಗಾಳೆಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮಾಸ್ತರರು ಅವನ ಮುಖ ನೋಡಲಿಲ್ಲ. ನೆಲ ನೋಡಿಕೊಂಡು, ಕಟ್ಟನ್ನು ಎದೆಗೆ ಒತ್ತಿಕೊಂಡು, ಎದುರಿಗೆ ನಿಂತಿದ್ದ ಆಟೋ ಬಿಟ್ಟು ನಡೆದೇ ಹೋದರು.

ಕಸುಬು ಉಳಿಯಿತು. ಆದರೆ ಗುಂಪು ಪರದೆಯ ಮೇಲೆ ಹಾಗೆಯೇ ಕೂತಿತ್ತು. ನಾಳೆ ಇನ್ನೊಬ್ಬರು ಬಂದು ಹೆಗಲ ಹಿಂದೆ ನಿಲ್ಲುತ್ತಾರೆ. ಯಮನೂರ ರಾಹುಲನಿಗೆ ಫೋನು ಮಾಡಿದ.

"ಅದನ್ನ ಮುಚ್ಚಿಡಾಕ ಬರ್ತೈತ್ರಿ ಅಣ್ಣಾರ. ಆದ್ರ ಮೊದಲ ಇವರೆಲ್ಲಾ ಒಬ್ಬನ ಹೌದೋ ಅಲ್ಲೋ ಹೇಳಬೇಕು. ಅಲ್ಲ ಅಂದ್ರ ಒಬ್ಬೊಬ್ಬರದೂ ಹೆಸರು ಬರೀಬೇಕು."

ಮಾಸ್ತರರ ತಂದೆಯಿಂದಲೇ ಶುರು ಮಾಡಿದ. ಅಲ್ಲ ಎಂದು ಒತ್ತಿದ. ಹಾಗಾದರೆ ಇವರು ಯಾರು ಎಂದು ಮಷೀನು ಖಾಲಿ ಚೌಕ ತೆರೆದಿಟ್ಟಿತು. ಬೆರಳು ಕೀಲಿಗಳ ಮೇಲೆ ನಿಂತಿತು. ಅವರ ಹೆಸರೇನು? ಅವನಿಗೆ ಅವರು ಮಾಸ್ತರರ ತಂದೆ. ದೇಸಾಯರು ದೇಸಾಯರು. ಮಿಕ್ಕವರ ರಸೀದಿಗಳಲ್ಲಿ ಇದ್ದದ್ದು ಊರು ಮತ್ತು ಮಗನ ಫೋನ್ ನಂಬರು ಮಾತ್ರ, ಯಾಕೆಂದರೆ ಫೋಟೋ ಒಯ್ಯಲು ಬರುವವನು ಮಗ. ಕಣ್ಣು ತೆರೆಸುವಾಗ ಯಾರ ಹೆಸರನ್ನೂ ಅವನು ಕೇಳಿದವನಲ್ಲ. ಈಗ ನಲವತ್ತೆರಡು ಮನೆಗೆ ಫೋನು ಮಾಡಿ ನಿಮ್ಮ ಅಪ್ಪನ ಹೆಸರೇನ್ರಿ ಎಂದರೆ, ನಲವತ್ತೆರಡು ಮನೆಯವರೂ ಯಾಕ್ರಿ ಎನ್ನುತ್ತಾರೆ.

ಚೌಕ ಮುಚ್ಚಿದ. ಮಷೀನು ಮತ್ತೆ ಮೊದಲಿನಿಂದ ಕೇಳಿತು.

"ಏನಂತೈತೋ ಅದು?" ಗಾಳೆಪ್ಪ ಚಹಾದ ಎರಡು ಕಪ್ಪು ಹಿಡಿದು ಒಳಗೆ ಬಂದಿದ್ದ.

"ಇವರೆಲ್ಲಾ ನೀನ ಹೌದೇನು ಅಂತ ಕೇಳಾಕತ್ತೈತಿ, ಕಾಕಾ."

ಗಾಳೆಪ್ಪ ಬಗ್ಗಿ, ಪರದೆಗೆ ಮೂಗು ತಾಗಿಸುವಂತೆ ಹತ್ತಿರ ಹೋಗಿ, ಒಂದೊಂದು ಮುಖವನ್ನೂ ನೋಡಿದ. ಅವಸರ ಮಾಡಲಿಲ್ಲ. ಮೂರನೆಯ ಸಾಲಿನಲ್ಲಿ ಒಬ್ಬರ ಹತ್ತಿರ ನಿಂತು, "ಇವನ ಮ್ಯಾಲೆ ಎಡಗಣ್ಣು ಚೂರು ಮ್ಯಾಲಾಗೇತಿ ನೋಡು" ಎಂದ. ಆಮೇಲೆ ನೆಟ್ಟಗಾಗಿ ಕಪ್ಪನ್ನು ಮೇಜಿನ ಮೇಲಿಟ್ಟ.

"ಹೂಂ ಅಂದು ಮುಗಿಸು. ಚಾ ಆರಾಕತ್ತೈತಿ."

ಯಮನೂರ ಹೌದು ಎಂಬುದನ್ನು ಒತ್ತಿದ. ಮುಖಗಳು ಒಂದರ ಮೇಲೊಂದು ಸರಿದು ಒಂದೇ ಚಿತ್ರದ ಹಿಂದೆ ಸೇರಿಕೊಂಡವು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಉಪಕಾರವಾಯಿತು, ಇನ್ನು ಮುಂದೆ ಗಾಳೆಪ್ಪ ಎಲ್ಲಿ ಕಂಡರೂ ನಾನೇ ಗುರುತಿಸುತ್ತೇನೆ ಎಂದು ಅದರ ಅರ್ಥ. ಆ ಕಡೆಗೆ ಬೆನ್ನು ಮಾಡಿ ಯಮನೂರ ಕಪ್ಪು ಎತ್ತಿಕೊಂಡ.