ಶೇಷಗಿರಿ ಕಾಕಾ ಖಾಲಿ ಬಿಡಿಸಿದ ಜಾಗ

ಶೇಷಗಿರಿ ಕಾಕಾ ಬೀಗ ಹಾಕುವುದನ್ನು ನೋಡದವರು ಬಿಬವೇವಾಡಿಯ ನಮ್ಮ ಸೊಸೈಟಿಯಲ್ಲಿ ಯಾರೂ ಇರಲಿಲ್ಲ. ಹಾಕಿ ಒಮ್ಮೆ ಜಗ್ಗುವರು. ನಾಲ್ಕು ಮೆಟ್ಟಿಲಿಳಿದು, ಮರಳಿ ಹತ್ತಿ ಇನ್ನೊಮ್ಮೆ ಜಗ್ಗುವರು. ಗೇಟಿನ ತನಕ ಹೋಗಿ, ಕಾಯುತ್ತಿದ್ದ ರಿಕ್ಷಾದವನಿಗೆ "ಜರಾ ಥಾಂಬಾ" ಎಂದು ಮರಾಠಿಯಲ್ಲಿ ತುಸು ನಿಲ್ಲಲು ಹೇಳಿ ಮೂರನೆಯ ಸಲ ಬರುವರು. ಧಾರವಾಡದ ಕಡೆಯ ಈ ಮನುಷ್ಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾಗಿದ್ದರು. ತರಕಾರಿಯವಳ ತಕ್ಕಡಿ, ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖು, ಗೋಡೆಯ ಗಡಿಯಾರ, ಯಾವುದನ್ನೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಎರಡರ ಸುಮಾರಿಗೆ ನಾನು ಟೈಪಿಸ್ಟ್ ಆಗಿದ್ದ ಕಾರ್ಖಾನೆ ಮುಚ್ಚುವುದು ಖಾತ್ರಿಯಾಯಿತು. ನನಗೆ ಮೂವತ್ತಾರು ವರ್ಷ. ಸರ್ವರ್ ನೋಡಿಕೊಳ್ಳುವವರು ಬೇಕೆಂದು ಒಂದು ಕಂಪನಿ ಪರೀಕ್ಷೆ ಇಟ್ಟಿತ್ತು. ಅದೂ ತಪ್ಪಿದರೆ ಮನೆಯಲ್ಲೇ ಕೂಡುವುದು. ಹಳೆಯ ಕಂಪ್ಯೂಟರೊಂದನ್ನು ತಂದು, ಲಿನಕ್ಸ್ ಹಾಕಿ, ಮನೆಯಲ್ಲೇ ಅಭ್ಯಾಸಕ್ಕೊಂದು ಸರ್ವರ್ ಮಾಡಲು ಹೊರಟೆ. ಎಕ್ಸ್‌ಚೇಂಜಿನಲ್ಲಿ ಇಂಥ ಯಂತ್ರಗಳ ಜೊತೆ ಏಗಿದ್ದ ಕಾಕಾ ಕರೆಯದೆಯೇ ಬಂದರು.

"ಡಿಸ್ಕ್ ಪೂರಾ ಒಂದ ಭಾಗ ಇಡ್ತೀಯೇನು? ಎಲ್ಲಾರ್ನೂ ಒಂದ ಖೋಲಿಯೊಳಗ ಮಲಗಿಸಿಧಂಗ ಆತು" ಎಂದರು.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಡಿಸ್ಕಿನ ಇಪ್ಪತ್ತು ಜಿಬಿ ಜಾಗವನ್ನು ಹಂಚತೊಡಗಿದರು. "ಇದು ಯಂತ್ರದ ಸಾಮಾನಿಗೆ. ಇದು ಹೋಮ್, ನಿನ್ನ ಕಾಗದಪತ್ರಕ್ಕ. ಈ ವಾರ್ ಅನ್ನಾಂವ ಅದಾನಲ್ಲ, ಯಂತ್ರಕ್ಕ ಬಂದ ಟಪಾಲು ಇಟಕೋತಾನ, ಯಂತ್ರ ಮಾಡಿದ್ದೆಲ್ಲಾ ದಿನಚರಿ ಬರೀತಾನ. ಭಾಳ ಕಳ್ಳ. ಎಷ್ಟು ಉಂಡೆ ಅಂತ ಹೇಳಂಗಿಲ್ಲ. ಅವಂಗ ಬ್ಯಾರೆ ಖೋಲಿ, ಹೊರಗಿಂದ ಚಿಲಕ." ಕಡೆಗೆ ನಾಲ್ಕು ಜಿಬಿ ಉಳಿಯಿತು. ಅದನ್ನು ಮುಟ್ಟಬೇಡ ಎಂದರು. ಯಾಕೆ ಎಂದರೆ, "ಇರ್ಲಿ ಬಿಡು."

ಆ 'ಇರ್ಲಿ ಬಿಡು' ನನ್ನನ್ನು ಕೊರೆಯತೊಡಗಿತು. ಒಂದು ಕಪ್ ಚಹಾಕ್ಕಾಗಿ ದಿನಾ ಇಷ್ಟು ಹೊತ್ತು ಕೂಡುವವರು ಯಾರು? ನಾನು ಚಹಾ ಮಾಡಲು ಒಳಗೆ ಹೋದರೆ ಕೀಬೋರ್ಡಿನ ಸದ್ದು ಕೇಳುತ್ತಿತ್ತು. ಹೊರಗೆ ಬಂದರೆ ಪರದೆ ಖಾಲಿ. ಆ ನಾಲ್ಕು ಜಿಬಿಯಲ್ಲಿ ಕಾಕಾ ತಮ್ಮದೇನನ್ನೋ ಬಚ್ಚಿಡುತ್ತಿದ್ದಾರೆ ಎಂದುಕೊಂಡೆ. ಅವರು ಹೋದೊಡನೆ ಡಿಸ್ಕಿನ ಭಾಗಗಳ ಪಟ್ಟಿ ತೆಗೆದು ನೋಡುತ್ತಿದ್ದೆ. ಜಾಗ ಖಾಲಿಯಾಗೇ ಇತ್ತು. ಮರುದಿನವೂ ಅಷ್ಟೆ. ಕಾಣದಂತೆ ಇಡುವ ವಿದ್ಯೆಯೂ ಇವರಿಗೆ ಗೊತ್ತಿರಬೇಕು ಎಂದು ಇನ್ನಷ್ಟು ಅನುಮಾನಪಟ್ಟೆ.

ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ಸರ್ವರಿನ ಟಪಾಲು, ಅಂದರೆ ಇ-ಮೇಲ್, ನಿಂತಿತು. ನಾನೇ ಮಾಡಿದ ಯಾವುದೋ ತಪ್ಪಿನಿಂದ ವಾರ್ ಭಾಗ ಕಂಠಮಟ್ಟ ತುಂಬಿತ್ತು. ಗಾಬರಿಯಲ್ಲಿ ದಿನಚರಿಯನ್ನು ಅಳಿಸಲು ಹೊರಟಿದ್ದೆ. ಕಾಕಾ ಕೈ ಹಿಡಿದರು. "ಕಳ್ಳನ ಹೆಜ್ಜಿ ಗುರುತು ನೀನ ಒರಸತೀಯೇನು?"

ಖಾಲಿ ಬಿಟ್ಟಿದ್ದ ಜಾಗದಲ್ಲಿ ಹೊಸ ಭಾಗ ಮಾಡಿಸಿ, ವಾರ್‌ನಲ್ಲಿದ್ದುದೆಲ್ಲವನ್ನೂ ಅಲ್ಲಿಗೆ ಸಾಗಿಸಿದರು. ಟಪಾಲು ಹರಿಯಿತು. ದಿನಚರಿ ಓದಿದಾಗ ತಪ್ಪೂ ಸಿಕ್ಕಿತು: ಎರಡು ವಿಳಾಸಗಳು ಒಂದೇ ಪತ್ರವನ್ನು ಒಂದಕ್ಕೊಂದು ದಾಟಿಸುತ್ತ ಕೂತಿದ್ದವು.

"ಆ ಜಾಗ ಇದಕ್ಕೇ ಇಟ್ಟಿದ್ರೇನ್ರಿ?" ಎಂದೆ.

"ಯಾವುದಕ್ಕಂತ ನನಗೇನು ಗೊತ್ತು? ಹಂಚಿದಾಂವ ನಾನು. ನನ್ನ ಅಂದಾಜು ತಪ್ಪಿದ್ರ ಅಂತ ಇಟ್ಟಿದ್ದೆ." ಆಮೇಲೆ ಕನ್ನಡಕ ಒರೆಸುತ್ತ ಕೇಳಿದರು, "ನೀ ದಿನಾ ತೆಗೆದು ನೋಡ್ತಿದ್ದೆಲ್ಲ, ಏನರ ಸಿಕ್ತೇನು?"

ತಮಗೆ ಗೊತ್ತಾದದ್ದು ಹೇಗೆಂದು ಅವರೇ ಹೇಳಿದರು. ಟೈಪ್ ಮಾಡಿದ ಪ್ರತಿ ಆಜ್ಞೆಯನ್ನೂ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ನಾನು ಎಲ್ಲೆಲ್ಲಿ ತಪ್ಪುತ್ತಿದ್ದೇನೆ ಎಂದು ನೋಡಲು, ಚಹಾ ಆಗುವುದರೊಳಗೆ ಅವರು ಅದನ್ನೇ ಓದುತ್ತಿದ್ದರಂತೆ.

"ಸಂಶಯ ಛೊಲೋ. ಆ ಕೆಲಸಕ್ಕ ಬೇಕಾದದ್ದ ಅದು" ಎಂದರು. "ಆದ್ರ ಒಮ್ಮೆ ನನ್ನ ಮಾರಿ ನೋಡಿ ಕೇಳಬೇಕಿತ್ತು." ನನಗೆ ನಾಚಿಕೆಯಾಯಿತು. ಅವರಿಗೆ ನೋವಾಗಿತ್ತು.

ಕೆಲಸ ಸಿಕ್ಕಿತು. ಮರುವರ್ಷ ಕಾಕಾ ಸಾಸವಡದ ತಂಗಿಯ ಮನೆಗೆ ಹೊರಟರು, ಇನ್ನು ಅಲ್ಲೇ ಇರುವುದೆಂದು. ಚೀಲ ಹೊರಗಿಟ್ಟು, ಬೀಗವನ್ನೂ ಬೀಗದ ಕೈಯನ್ನೂ ನನ್ನ ಕೈಗಿಟ್ಟರು. "ನೀನ ಹಾಕು. ನಿನ್ನ ಹತ್ರನ ಇರ್ಲಿ."

ಹಾಕಿದೆ. ಅವರು ಜಗ್ಗಲಿಲ್ಲ. ಮೆಟ್ಟಿಲಿಳಿದರು, ಗೇಟು ದಾಟಿದರು, ರಿಕ್ಷಾ ಹತ್ತಿದರು. ಒಮ್ಮೆಯಾದರೂ ಮರಳಿ ಬರುತ್ತಾರೆಂದು ನಾನು ಬಾಗಿಲ ಬಳಿಯೇ ನಿಂತಿದ್ದೆ. ರಿಕ್ಷಾ ತಿರುವಿನಲ್ಲಿ ಮರೆಯಾದ ಮೇಲೆ, ನಾನು ಹಾಕಿದ ಬೀಗವನ್ನು ನಾನೇ ಮೂರು ಸಲ ಜಗ್ಗಿ ನೋಡಿದೆ.