ಮಾವಶಿ ತೆಗೆದ ಚಾದರ

ಸೊಲ್ಲಾಪುರದ ನಮ್ಮ ಎದುರು ಮನೆಯಾಕೆಯನ್ನು ಎಲ್ಲರೂ ಮರಾಠಿಯಲ್ಲಿ ಚಿಕ್ಕಮ್ಮ ಎಂಬರ್ಥದ ಮಾವಶಿ ಎಂದೇ ಕರೆಯುತ್ತಿದ್ದೆವು. ಮಲಗಿದ ಕೂಸು ಕಂಡರೆ ಬಗ್ಗಿ ಉಸಿರು ಆಲಿಸುತ್ತಿದ್ದರು. "ಕೂಸಿನ ಮಾರಿ ಕಾಣಬೇಕ್ರಿ," ಎನ್ನುತ್ತಾ ಮುಖದ ಮೇಲಿನ ಹೊದಿಕೆ ಸರಿಸುತ್ತಿದ್ದರು.

ನನ್ನ ಮಗಳಿಗೆ ಹೆಸರಿಟ್ಟ ದಿನ, ಅಕ್ಕಲಕೋಟದಿಂದ ಬಂದಿದ್ದ ಅತ್ತೆ ಹೊದಿಸಿದ ದಪ್ಪ ಚಾದರವನ್ನು ಮಾವಶಿ ಎಲ್ಲರೆದುರು ತೊಟ್ಟಿಲಿನಿಂದ ತೆಗೆದು, ಬಗ್ಗಿ ಕೂಸಿನ ಉಸಿರು ಆಲಿಸಿದರು.

"ಒಳ್ಳೇ ದಿನಾ ಹಿಂಗ್ಯಾಕ ಅಪಶಕುನಾ ಮಾಡ್ತೀರಿ?" ಎಂದು ಅತ್ತೆ ಸಿಡಿದರು. ಮಾವಶಿ ಬರುವುದನ್ನೇ ಬಿಟ್ಟರು.

ಮುಂದೊಂದು ಮಧ್ಯಾಹ್ನ, ಅತ್ತೆ ಮತ್ತೆ ಹೊದಿಸಿದ್ದ ಆ ಚಾದರ ಮುಖದ ಮೇಲೆ ಸರಿದು ಕೂಸಿನ ತುಟಿ ನೀಲಿಯಾಗಿತ್ತು. ನಾನು ಎತ್ತಿಕೊಂಡರೂ ಅಳಲಿಲ್ಲ. ಅತ್ತೆ ಬಾಗಿಲಿಗೆ ಓಡಿ, "ಮಾವಶಿ, ಲಗೂ ಬರ್ರಿ!" ಎಂದು ಚೀರಿದರು. ಮಾವಶಿ ಬರಿಗಾಲಲ್ಲೇ ಓಡಿ ಬಂದು ಕೂಸಿನ ಅಂಗಾಲು ತಟ್ಟಿದರು, ಬೆನ್ನು ಉಜ್ಜಿದರು. ಕೊನೆಗೂ ಅದು ಅತ್ತಿತು.

ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಕೂಸು ಜೋರಾಗಿ ಅಳುತ್ತಲೇ ಇತ್ತು. ಆದರೂ ಅತ್ತೆ ಮಾವಶಿಯ ಸೆರಗು ಹಿಡಿದು ದಾರಿಯುದ್ದಕ್ಕೂ ಕೇಳಿದರು: "ಉಸರಾಡಾಕತ್ತೈತಲ್ರಿ?"