ಸ್ಟಾಫರ್ಡಿನ ನಲ್ಲಿ, ಭಾನುಮತಿಯವರ ಹಲ್ಲಿ

ಅಮೆರಿಕದ ಹೂಸ್ಟನ್ ಪಕ್ಕದ ಸ್ಟಾಫರ್ಡಿನ ಕನ್ನಡ ಸಂಘದಲ್ಲಿ ಭಾನುಮತಿಯವರು ಏನಾದರೂ ಬಡಿಸಲು ಬಂದರೆ ಹಳಬರು ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಒಂದು ಯುಗಾದಿಯಲ್ಲಿ ಧಾರವಾಡದ ಕೆಂಪು ಮೆಣಸಿನಕಾಯಿಯ ರಂಜಕವನ್ನು ಟೊಮೆಟೊ ಗೊಜ್ಜು ಎಂದು ಹೇಳಿ ಮೈಸೂರಿನವರ ಸಾಲಿಗೆಲ್ಲ ಬಡಿಸಿ, ಅವರು ಕಣ್ಣೀರು ಸುರಿಸುತ್ತಾ ಮಜ್ಜಿಗೆ ಹುಡುಕುವುದನ್ನು ನೋಡುತ್ತಾ ನಿಂತ ಹೆಂಗಸು ಇವರು. ವಾರವೆಲ್ಲ ಹೂಸ್ಟನ್ನಿನ ಒಂದು ಡೇಕೇರ್‌ನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಭಾನುವಾರ ಸಂಘದ ಕಟ್ಟಡದಲ್ಲಿ ಕನ್ನಡ ಕಲಿಸುತ್ತಾರೆ.

ಆ ವರ್ಷ ಡೇಕೇರ್‌ನ ನಲ್ಲಿಗಳನ್ನೆಲ್ಲ ಪರೀಕ್ಷೆ ಮಾಡಿದಾಗ ಒಂದರ ನೀರಿನಲ್ಲಿ ಸೀಸ ಸಿಕ್ಕಿತು. ಚಿಕ್ಕ ಮಕ್ಕಳ ಬುದ್ಧಿ ಬೆಳೆಯುವುದಕ್ಕೆ ಸೀಸ ಕೆಟ್ಟದ್ದು ಎಂದು ತಿಳಿದ ಭಾನುಮತಿಯವರಿಗೆ ಕೂಡಲೇ ಸಂಘದ ಕಟ್ಟಡ ನೆನಪಾಯಿತು. ಅದು ಇನ್ನೂ ಹಳೆಯದು. ಅಲ್ಲಿ ಪಾಠದ ನಡುವೆ ಮಕ್ಕಳು ಬಾಟಲಿ ತುಂಬಿಸಿಕೊಳ್ಳುವುದು ಅಡುಗೆಮನೆಯ ನಲ್ಲಿಯಲ್ಲೇ.

ಸಂಘದ ಅಧ್ಯಕ್ಷ ಶಶಿಕಾಂತ್ ಮೈಸೂರಿನವರು, ದೊಡ್ಡ ಕಂಪನಿಯ ಎಂಜಿನಿಯರ್. ನಗರದ ನೀರು ಶುದ್ಧವಾಗಿದೆ, ಅನುಮಾನವಿದ್ದರೆ ಕುದಿಸೋಣ ಎಂದರು.

"ನಗರದ ನೀರಿನ ಮ್ಯಾಲೆ ನನಗೇನೂ ಸಿಟ್ಟಿಲ್ಲರಿ. ಸೀಸ ಬರೂದು ನಮ್ಮ ಪೈಪಿನ ಬೆಸುಗಿಂದ, ನಮ್ಮ ನಲ್ಲಿಂದ. ಕುದಿಸಿದ್ರ ನೀರು ಆವಿ ಆಗಿ ಹೋಗತದ, ಸೀಸ ಕೂತೇ ಇರತದ," ಎಂದರು ಭಾನುಮತಿ.

ಶಶಿಕಾಂತ್ ಒಲ್ಲದ ಮನಸ್ಸಿನಿಂದ ಒಪ್ಪಿದರು. ಲ್ಯಾಬಿನಿಂದ ಬಾಟಲಿಗಳು ಬಂದವು. ಕಷ್ಟವಿದ್ದದ್ದು ಪರೀಕ್ಷೆಯ ನಿಯಮದಲ್ಲಿ. ರಾತ್ರಿಯಿಡೀ ನೀರು ಪೈಪಿನಲ್ಲಿ ಅಲುಗಾಡದೆ ನಿಲ್ಲಬೇಕು, ಬೆಳಿಗ್ಗೆ ಬೀಳುವ ಮೊದಲ ನೀರನ್ನೇ ಹಿಡಿಯಬೇಕು. ಮೊದಲ ಭಾನುವಾರ ಅವರು ಬಾಟಲಿ ಹಿಡಿದು ಹೋದರೆ, ಸಂಘದ ಕಾಫಿ ಉಸ್ತುವಾರಿಯ ವೆಂಕಟಗಿರಿ ಆಗಲೇ ನಲ್ಲಿಯನ್ನು ಧಾರಾಳವಾಗಿ ಬಿಟ್ಟುಕೊಂಡು ನಿಂತಿದ್ದರು. ಪರೀಕ್ಷೆಗೆ ಒಳ್ಳೆಯ ನೀರು ಹೋಗಲಿ, ಸಂಘದ ಮರ್ಯಾದೆಯ ಪ್ರಶ್ನೆ ಅಂತ ಅಧ್ಯಕ್ಷರೇ ಹೇಳಿದರು ಎಂದು ಅವರು ಮುಗ್ಧವಾಗಿ ವಿವರಿಸಿದರು.

ಭಾನುಮತಿಯವರು ಜಗಳವಾಡಲಿಲ್ಲ. ಮುಂದಿನ ಶನಿವಾರ ಸಂಜೆ ಭಜನೆ ಮುಗಿದ ಮೇಲೆ ಪ್ರಸಾದ ಹಂಚುತ್ತಾ, ಅಡುಗೆಮನೆಯ ನಲ್ಲಿಯ ಬಾಯಲ್ಲಿ ಹಲ್ಲಿಯ ಬಾಲ ಕಂಡಂತಾಯಿತು, ಪೂರ್ತಿ ಹಲ್ಲಿ ಒಳಗಿದೆಯೋ ಏನೋ ಎಂದು ಇಬ್ಬರ ಕಿವಿಯಲ್ಲಿ ಹಾಕಿದರು. ಇಬ್ಬರೇ ಸಾಕಾದರು. ಪ್ರಸಾದ ಮುಗಿಯುವ ಮೊದಲೇ ಅಡುಗೆಮನೆ ಖಾಲಿಯಾಯಿತು. ವೆಂಕಟಗಿರಿ ಪಾತ್ರೆಗಳನ್ನು ತೊಳೆಯಲು ಮನೆಗೆ ಒಯ್ದರು. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂದಿದ್ದ ಶಶಿಕಾಂತರು ಅಂಗಡಿಯಿಂದ ನೀರಿನ ಕ್ಯಾನ್ ತರಿಸಿದರು.

ರಾತ್ರಿಯಿಡೀ ಯಾರೂ ಮುಟ್ಟದೆ, ನಿದ್ದೆ ಮಾಡಿ ಎದ್ದಂತಿದ್ದ ಆ ನಲ್ಲಿಯಿಂದ ಬೆಳಿಗ್ಗೆ ಭಾನುಮತಿಯವರು ಮೊದಲ ನೀರು ಹಿಡಿದರು. ಆಮೇಲೆ ಸ್ವಲ್ಪ ಹೊತ್ತು ಹರಿಯಬಿಟ್ಟು ಇನ್ನೊಂದು ಬಾಟಲಿ ತುಂಬಿಸಿದರು. ಫಲಿತಾಂಶ ಬಂದಾಗ ಮೊದಲ ಬಾಟಲಿಯಲ್ಲಿ ಸೀಸ ಮಿತಿ ಮೀರಿತ್ತು, ಎರಡನೆಯದರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಎರಡನೆಯ ಬಾಟಲಿಯದು ಪೈಪಿನೊಳಗೆ ನಿಂತಿದ್ದ ನೀರು; ಅಂದರೆ ಪೈಪಿನ ತಪ್ಪಲ್ಲ. ತಪ್ಪು ನಲ್ಲಿಯದೇ.

ಆ ನಲ್ಲಿ ಶಶಿಕಾಂತರ ಕೊಡುಗೆ. ಆಸ್ಟಿನ್ನಿನ ಹಳೆಯ ಸಾಮಾನಿನ ಸಂತೆಯಲ್ಲಿ ಕಂಡ ಭಾರಿ ಹಿತ್ತಾಳೆ ನಲ್ಲಿಯನ್ನು ಅವರು ಕಂಕುಳಲ್ಲಿಟ್ಟುಕೊಂಡು ತಂದಿದ್ದರು. ಹಳೆಯ ಹಿತ್ತಾಳೆಯಲ್ಲಿ ಸೀಸ ಬೆರೆತಿರುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ಗೋಡೆಯ ಮೇಲೆ ಅವರ ಹೆಸರಿನ ಫಲಕವೂ ಇತ್ತು. ಸಭೆಯಲ್ಲಿ ಫಲಿತಾಂಶ ಓದಿದಾಗ ಅವರ ಮುಖ ಸಣ್ಣದಾಯಿತು. ಎಲ್ಲರೂ ಭಾನುಮತಿಯವರ ಕಡೆ ನೋಡಿದರು. ಇಂಥ ಅವಕಾಶವನ್ನು ಅವರು ಬಿಡುವವರಲ್ಲ.

"ಇಷ್ಟು ಚಂದದ ನಲ್ಲಿನ ದಿನಾ ನೀರಿಗೆ ಹಚ್ಚಿ ಸವೆಸಬಾರದ್ರಿ," ಎಂದರು ಭಾನುಮತಿ ಗಂಭೀರವಾಗಿ. "ಗಾಜಿನ ಪೆಟ್ಟಿಗ್ಯಾಗ ಇಡೋಣು. ಫಲಕನೂ ಅಲ್ಲೇ ಹಾಕೋಣು."

ಶಶಿಕಾಂತರೇ ಮೊದಲು ನಕ್ಕರು. ನಲ್ಲಿ ಗಾಜಿನ ಪೆಟ್ಟಿಗೆ ಸೇರಿತು. ಅದರ ಜಾಗಕ್ಕೆ ಸೀಸವಿಲ್ಲದ ಹೊಸ ನಲ್ಲಿ, ಅದರ ಕೆಳಗೆ ಸೀಸ ಹಿಡಿಯುವ ಫಿಲ್ಟರ್ ಬಂದವು. ಕಾಫಿ ಬೇಗ ಆಗಲೆಂದು ಬಿಸಿ ನೀರಿನ ನಲ್ಲಿಯಿಂದ ಹಿಡಿಯುತ್ತಿದ್ದ ವೆಂಕಟಗಿರಿಗೆ, ಬಿಸಿ ನೀರು ಸೀಸವನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಇನ್ನು ಕುಡಿಯಲು ತಣ್ಣೀರೇ ಎಂದು ಹೇಳಲಾಯಿತು. ಕಾಫಿಯ ರುಚಿ ಹೋಯಿತು ಎಂದು ಅವರು ಒಂದು ತಿಂಗಳು ಗೊಣಗಿದರು. ಮತ್ತೆ ಪರೀಕ್ಷೆ ಮಾಡಿಸಿದಾಗ ನೀರು ಚೊಕ್ಕಟವಾಗಿತ್ತು.

ಹಲ್ಲಿ ಸಿಕ್ಕಿತೇ ಎಂದು ಶಶಿಕಾಂತ್ ಒಂದು ದಿನ ಕೇಳಿದರು. ಹಲ್ಲಿ ಇರಲೇ ಇಲ್ಲ ಎಂದು ಭಾನುಮತಿಯವರು ಹೇಳಿದ್ದಕ್ಕೆ ಶಶಿಕಾಂತ್ ಎರಡು ವಾರ ಮಾತು ಬಿಟ್ಟರು. ಆದರೆ ಈಗ ಭಾನುವಾರ ಎಲ್ಲರಿಗಿಂತ ಮೊದಲು ಬಂದು, ರಾತ್ರಿಯಿಡೀ ನಿಂತ ನೀರನ್ನು ಹರಿಯಬಿಡುವವರು ಅವರೇ. ಮೊನ್ನೆ ಡಲ್ಲಾಸ್ ಕಡೆಯ ಸಂಘದವರು ಸಲಹೆ ಕೇಳಿ ಫೋನ್ ಮಾಡಿದಾಗ, ಕುದಿಸಿದರೆ ಸೀಸ ಹೋಗುವುದಿಲ್ಲ ಎಂದು ಅವರು ಬಹಳ ಹೊತ್ತು ಪಾಠ ಮಾಡಿದರು. ಪಕ್ಕದಲ್ಲಿ ಕೂತ ಭಾನುಮತಿಯವರು ಕೋಡುಬಳೆ ತಿನ್ನುತ್ತಾ, ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.